ಘಟ್ಟ ಇಳಿದು ಮಂಗಳೂರಿಗೆ ಬಂದವರಿಗೆ

"ಕರ್ನಾಟಕದಲ್ಲೇ ಇದೀವಿ, ಆದ್ರೆ ಪಕ್ಕದ ಮನೆಯವರು ಮಾತಾಡೋದು ಒಂದಕ್ಷರ ತಿಳಿಯಲ್ಲ." ಹೊಸದಾಗಿ ಬಂದ ನಮ್ಮ ಕಡೆಯವರು ಮೊದಲ ತಿಂಗಳಲ್ಲೇ ನನಗೆ ಹೇಳುವ ಮಾತಿದು. 2003ರಲ್ಲಿ ದಾವಣಗೆರೆಯಿಂದ ಬಂದಾಗ ನಾನೂ ಇದನ್ನೇ ಹೇಳಿದ್ದೆ. ಇಲ್ಲೇ ಮಕ್ಕಳನ್ನು ಓದಿಸಿ, ಮನೆ ಮಾಡಿಕೊಂಡ ಮೇಲೆ ತಿಳಿದದ್ದನ್ನು ಬರೆಯುತ್ತಿದ್ದೇನೆ.

ಈ ಊರಿಗೆ ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಹೆಸರು. ತುಳುವರಿಗೆ ಕುಡ್ಲ, ಕೊಂಕಣಿಗರಿಗೆ ಕೊಡಿಯಾಲ್, ಇಲ್ಲಿನ ಮುಸ್ಲಿಮರಾದ ಬ್ಯಾರಿಗಳಿಗೆ ಮೈಕಾಲ. ಕನ್ನಡ ಇಲ್ಲಿ ಬಹುತೇಕರ ಮನೆಮಾತಲ್ಲ, ಶಾಲೆಯಲ್ಲಿ ಕಲಿತದ್ದು. ಅದಕ್ಕೇ ಅವರ ಕನ್ನಡ ನಮ್ಮ ಕಿವಿಗೆ ಪುಸ್ತಕ ಓದಿದಂತೆ ಕೇಳುತ್ತದೆ. ದಯವಿಟ್ಟು ಅದನ್ನು ಕೇಳಿ ನಗಬೇಡಿ. ಕನ್ನಡದ ಮೊದಲ ಪತ್ರಿಕೆ 1843ರಲ್ಲಿ ಹೊರಟದ್ದು ಇಲ್ಲಿಂದಲೇ. ಕಿಟ್ಟೆಲರ ನಿಘಂಟು 1894ರಲ್ಲಿ ಅಚ್ಚಾದದ್ದು ಇಲ್ಲಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ. ಮನೆಯೊಳಗೆ ಬೇರೆ ಮಾತಾಡುತ್ತಲೇ ಕನ್ನಡವನ್ನು ಇಷ್ಟು ಜೋಪಾನ ಮಾಡಿದ ಊರಿನಲ್ಲಿ ನಿಂತು "ಕನ್ನಡದಲ್ಲಿ ಮಾತಾಡ್ರೀ" ಎಂದು ಗದರುವುದು ನನಗೆ ಸರಿಕಾಣದು. ಗದರುವ ಅಗತ್ಯವೂ ಇಲ್ಲ.

ಮೊನ್ನೆ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಿಂದ ತೊಕ್ಕೊಟ್ಟಿಗೆ ಸಿಟಿ ಬಸ್ ಹತ್ತಿದ್ದೆ. ನೇತ್ರಾವತಿ ಸೇತುವೆ ದಾಟುವುದರೊಳಗೆ ಕಂಡಕ್ಟರ್ ನಾಲ್ಕು ಭಾಷೆ ಆಡಿದ. "ದುಂಬು ಪೋಲೆ, ದುಂಬು ಪೋಲೆ" ಎಂದು ತುಳುವಿನಲ್ಲಿ ಎಲ್ಲರನ್ನೂ ಮುಂದಕ್ಕೆ ಕಳಿಸಿದ. ಬಾಗಿಲ ಪಕ್ಕದ ಅಜ್ಜನಿಗೆ ಬ್ಯಾರಿಯಲ್ಲಿ ಏನೋ ಹೇಳಿ ಚಿಲ್ಲರೆ ಕೊಟ್ಟ, ಕಾಲೇಜು ಹುಡುಗಿಗೆ ಕೊಂಕಣಿಯಲ್ಲಿ ಉತ್ತರಿಸಿದ. ನನ್ನ ಮುಖ ನೋಡಿದವನೇ "ನಿಮಗೆ ಎಲ್ಲಿಗೆ ಸರ್?" ಎಂದ. ಯಾರೂ ಅವನನ್ನು ಏನೂ ಕೇಳಿರಲಿಲ್ಲ. ಎದುರಿಗಿರುವವರ ಮಾತಿಗೆ ತಾನೇ ಇಳಿಯುವುದು ಇಲ್ಲಿನವರ ರೂಢಿ. ನಾವೂ ನಾಲ್ಕು ಹೆಜ್ಜೆ ಆ ಕಡೆ ಹೋಗಬೇಕು. "ಎಂಚ ಉಲ್ಲರ್?" ಅಂದರೆ ಹೇಗಿದ್ದೀರಿ, "ಒಣಸ್ ಆಂಡಾ?" ಅಂದರೆ ಊಟ ಆಯಿತಾ. ಹಿರಿಯರಿಗೆ "ಈ" (ನೀನು) ಅನ್ನಬೇಡಿ, "ಈರ್" (ನೀವು) ಅನ್ನಿ. ಇಷ್ಟಕ್ಕೇ ಅಂಗಡಿಯವರ ಮುಖ ಅರಳುವುದನ್ನು ನೋಡಿದ್ದೇನೆ.

ಇಲ್ಲಿನ ಕನ್ನಡವೂ ಸ್ವಲ್ಪ ಬೇರೆ. "ಹೋಗುವ" ಎಂದು ಹೇಳಿ ನಿಲ್ಲಿಸಿದರೆ ಮಾತು ಅರ್ಧಕ್ಕೆ ನಿಂತಿತು ಅಂದುಕೊಳ್ಳಬೇಡಿ, ಅದು ನಮ್ಮ "ಹೋಗೋಣ". ಇದೆ ಅನ್ನುವುದಕ್ಕೆ "ಉಂಟು". ಬೊಂಡ ಬೇಕಾ ಎಂದರೆ ಎಳನೀರು ಬೇಕಾ ಅಂತ, ಕರಿದದ್ದಲ್ಲ. ಹೋಟೆಲಿನಲ್ಲಿ "ಬೆಳ್ತಿಗೆಯಾ, ಕುಚ್ಚಲಾ?" ಎಂದು ಕೇಳಿದರೆ ನೀವು ದಿನಾ ಉಣ್ಣುವ ಬಿಳಿ ಅನ್ನ ಬೆಳ್ತಿಗೆ, ಭತ್ತವನ್ನು ಬೇಯಿಸಿ ಮಾಡಿದ ದಪ್ಪ ಅಕ್ಕಿಯದ್ದು ಕುಚ್ಚಲು. ಆದರೂ ಒಂದು ವಾರ ಕುಚ್ಚಲಕ್ಕಿ ಗಂಜಿ ಉಂಡು ನೋಡಿ. ಏಪ್ರಿಲ್ ಸೆಕೆಯಲ್ಲಿ ಹೊಟ್ಟೆಗೆ ಅದರಷ್ಟು ಹಿತವಾದದ್ದು ಬೇರೆ ಇಲ್ಲ.

ಮನೆ ಹುಡುಕುವಾಗ ಮಾಂಸ ತಿನ್ನುತ್ತೀರಾ, ಯಾವ ಜನ ಎಂದು ನೇರವಾಗಿ ಕೇಳುವವರು ಸಿಗುತ್ತಾರೆ. ನನಗೂ ಒಬ್ಬರು ಅಡ್ವಾನ್ಸ್ ತೆಗೆದುಕೊಂಡು, ಮಾರನೆಯ ದಿನ ಜಾತಿ ಕೇಳಿ ವಾಪಸ್ ಕೊಟ್ಟರು. ಬಹಳ ನೋವಾಯಿತು. ಆದರೆ ಆಮೇಲೆ ಹನ್ನೊಂದು ವರ್ಷ ನಾವಿದ್ದದ್ದು ಒಬ್ಬ ಕ್ರಿಶ್ಚಿಯನ್ ಆಂಟಿಯ ಮನೆಯಲ್ಲಿ. ನಾವು ಸಸ್ಯಾಹಾರಿಗಳು, ಕ್ರಿಸ್‌ಮಸ್ಸಿಗೆ ಕುಸ್ವಾರ್ (ಹಬ್ಬದ ತಿಂಡಿಗಳು) ಕಳಿಸುವಾಗ ಮೊಟ್ಟೆ ಹಾಕಿದ್ದನ್ನು ಅವರೇ ಬೇರೆ ಮಾಡಿ ಇಡುತ್ತಿದ್ದರು. ಮೀನಿನ ವಾಸನೆಗೆ ಮೂಗು ಮುಚ್ಚಿಕೊಳ್ಳಬೇಡಿ, ಅದು ನೆರೆಮನೆಯವರ ಊಟ.

ಮಳೆಗೆ ತಯಾರಾಗಿರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗದು, ಚಪ್ಪಲಿ, ಬೆಲ್ಟಿಗೆಲ್ಲ ಬೂಷ್ಟು ಹಿಡಿಯುತ್ತದೆ. ಟೆರೇಸಿಗೆ ಶೀಟ್ ಹಾಕಿದ ಮನೆಯನ್ನೇ ಹುಡುಕಿ. ಮೀನು ತಿನ್ನುವವರಿಗೆ ಇನ್ನೊಂದು ಮಾತು: ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ದೋಣಿಗಳು ಕಡಲಿಗಿಳಿಯುವುದಿಲ್ಲ, ತಾಜಾ ಮೀನು ತುಟ್ಟಿ. ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಆಗುವುದೂ ಈ ದಿನಗಳಲ್ಲೇ. ಊರಿಗೆ ಹೊರಡುವ ಮೊದಲು ವಿಚಾರಿಸಿ. ರೈಲಾದರೆ ಸೆಂಟ್ರಲ್ಲೋ ಜಂಕ್ಷನ್ನೋ ಎಂದು ಟಿಕೆಟ್ ನೋಡಿಕೊಳ್ಳಿ, ಎರಡೂ ಬೇರೆ ಬೇರೆ ಕಡೆ ಇವೆ.

ಇಲ್ಲಿ ಕೆಟ್ಟ ದಿನಗಳೂ ಬಂದಿವೆ, ಮುಚ್ಚಿಡುವುದಿಲ್ಲ. 2019ರ ಡಿಸೆಂಬರಿನಲ್ಲಿ ಪೌರತ್ವ ಕಾಯ್ದೆ ವಿರುದ್ಧದ ಪ್ರತಿಭಟನೆಯ ಸಮಯದಲ್ಲಿ ಕರ್ಫ್ಯೂ ಹಾಕಿ ಇಂಟರ್ನೆಟ್ ನಿಲ್ಲಿಸಿದ್ದರು. ಮನೆಯಲ್ಲಿ ಹಾಲು ಮುಗಿದಿತ್ತು. ಮೇಲಿನ ಮಹಡಿಯ ಬ್ಯಾರಿ ಮನೆಯ ಅಕ್ಕ ತಮ್ಮಲ್ಲಿದ್ದ ಎರಡು ಪ್ಯಾಕೆಟ್ಟಿನಲ್ಲಿ ಒಂದನ್ನು ನಮಗೆ ಕೊಟ್ಟರು. ಅಂಥ ದಿನ ವಾಟ್ಸಾಪಿನಲ್ಲಿ ಬಂದದ್ದನ್ನು ಯಾರಿಗೂ ಕಳಿಸಬೇಡಿ. ಹೋಗಿ ಪಕ್ಕದ ಮನೆಯ ಬಾಗಿಲು ತಟ್ಟಿ.

ಹಬ್ಬಕ್ಕೆ ಕರೆದರೆ ಹೋಗಿ. ಕುದ್ರೋಳಿಯ ದಸರಾ, ಪಿಲಿವೇಷ (ಹುಲಿವೇಷ), ಸೆಪ್ಟೆಂಬರ್ 8ಕ್ಕೆ ಕ್ರೈಸ್ತರ ತೆನೆಹಬ್ಬ ಮೊಂತಿ ಫೆಸ್ಟ್, ದೈವಗಳ ನೇಮ, ರಾತ್ರಿಯಿಡೀ ಆಟ (ಯಕ್ಷಗಾನ), ಯಾವುದನ್ನೂ ಬಿಡಬೇಡಿ. ನೇಮದಲ್ಲಿ ಮಾತ್ರ ಕೇಳದೆ ಮೊಬೈಲ್ ಎತ್ತಬೇಡಿ. ಆಟಿ ಅಮಾವಾಸ್ಯೆಯ (ನಮ್ಮ ಆಷಾಢದ ಅಮಾವಾಸ್ಯೆ) ಬೆಳಿಗ್ಗೆ ಯಾರಾದರೂ ಪಾಲೆ ಮರದ ತೊಗಟೆಯ ಕಷಾಯ ತಂದುಕೊಡಬಹುದು. ಖಾಲಿ ಹೊಟ್ಟೆಯಲ್ಲಿ ಕುಡಿಯಬೇಕು, ಕಹಿಯೆಂದರೆ ವಿಪರೀತ ಕಹಿ. ಆಮೇಲೆ ಮೆಂತೆ ಗಂಜಿ ಕೊಡುತ್ತಾರೆ. ಬೇರೆ ಮರದ ತೊಗಟೆ ಕೆತ್ತಿ ತಂದು ಆಸ್ಪತ್ರೆ ಸೇರಿದವರಿದ್ದಾರೆ. ನೀವೇ ಮರ ಹುಡುಕಿಕೊಂಡು ಹೋಗಬೇಡಿ, ತಲೆಮಾರಿನಿಂದ ಮರದ ಗುರುತಿರುವ ಮನೆಯವರು ಕೊಟ್ಟದ್ದನ್ನಷ್ಟೇ ಕುಡಿಯಿರಿ.