ಕಂತು ರಜೆಯ ಬಗ್ಗೆ ಬ್ಯಾಂಕ್ ತಪ್ಪು ಹೇಳಿತೇ? ಬ್ರಿಟನ್ನಿನಲ್ಲಿ ದೂರು ಕೊಡುವ ಬಗೆ

ಮನೆ ಸಾಲದ ಕಂತನ್ನು ಕೆಲವು ತಿಂಗಳು ಕಟ್ಟದೆ ಇರಲು ಬ್ಯಾಂಕ್ ಒಪ್ಪಿದರೆ ಬ್ರಿಟನ್ನಿನಲ್ಲಿ ಅದನ್ನು ಪೇಮೆಂಟ್ ಹಾಲಿಡೇ ಎನ್ನುತ್ತಾರೆ. ರಜೆ ಕಂತಿಗೆ ಮಾತ್ರ, ಬಡ್ಡಿಗಿಲ್ಲ. 2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣಕ್ಕೆ ಸರ್ಕಾರ ಮೂರು ತಿಂಗಳ ರಜೆ ಘೋಷಿಸಿತು. ಆಮೇಲೆ ಅದು ಒಟ್ಟು ಆರು ತಿಂಗಳವರೆಗೆ ಬೆಳೆದು, 2021ರ ಜುಲೈ 31ಕ್ಕೆ ಮುಗಿಯಿತು. ಕೆಲವು ಸಾಲಗಳ ಕರಾರಿನಲ್ಲೇ ಇಂಥ ಅವಕಾಶ ಈಗಲೂ ಇರುತ್ತದೆ. ಫೋನೆತ್ತಿದ ಸಿಬ್ಬಂದಿ "ಏನೂ ವ್ಯತ್ಯಾಸ ಆಗುವುದಿಲ್ಲ" ಎಂದು ಹೇಳಿ, ರಜೆ ಮುಗಿದ ಮೇಲೆ ಕಂತು ಏರಿದ ಪತ್ರ ಬಂದರೆ ಏನು ಮಾಡಬೇಕು ಎಂಬುದು ಇಲ್ಲಿದೆ.

ಇಂಥ ದೂರುಗಳು ಹೆಚ್ಚಾಗಿ ಬಿದ್ದುಹೋಗುವುದು ಒಂದೇ ಕಾರಣಕ್ಕೆ. "ಬಡ್ಡಿ ಇಲ್ಲ ಎಂದಿದ್ದಿರಿ, ಹಾಗಾಗಿ ಬಡ್ಡಿ ಮನ್ನಾ ಮಾಡಿ" ಎಂದು ಜನ ಕೇಳುತ್ತಾರೆ. ತಪ್ಪು ಮಾತನ್ನು ನಿಜ ಮಾಡಿಕೊಡುವುದು, ಬ್ಯಾಂಕ್ ಒಪ್ಪದ ದೂರನ್ನು ತೀರ್ಮಾನಿಸುವ ಸ್ವತಂತ್ರ ಸಂಸ್ಥೆಯಾದ ಓಂಬುಡ್ಸ್‌ಮನ್‌ನ ಪದ್ಧತಿಯಲ್ಲ. ಅವರು ಕೇಳುವುದು: ಸರಿಯಾದ ಮಾಹಿತಿ ಕೊಟ್ಟಿದ್ದರೆ ನೀವು ಆಗ ಏನು ಮಾಡುತ್ತಿದ್ದಿರಿ? ಉಳಿತಾಯದಲ್ಲಿ ದುಡ್ಡಿತ್ತು, ಕಂತು ಕಟ್ಟುತ್ತಿದ್ದೆ ಎಂದರೆ ಆ ತಿಂಗಳುಗಳ ಬ್ಯಾಂಕ್ ಸ್ಟೇಟ್‌ಮೆಂಟ್ ತೋರಿಸಿ. ಕೆಲಸವೇ ಹೋಗಿತ್ತು, ಬೇರೆ ದಾರಿಯೇ ಇರಲಿಲ್ಲ ಎಂದಾದರೆ, ತಪ್ಪು ಸಲಹೆಯಿಂದ ಆದ ನಷ್ಟ ತೋರಿಸುವುದು ಕಷ್ಟ. ಆಗ ಸಿಗುವುದು ತೊಂದರೆಗೆ ಕೊಡುವ ಸಣ್ಣ ಪರಿಹಾರ ಮಾತ್ರ. ದೂರು ಬರೆಯುವ ಮೊದಲು ಈ ಪ್ರಶ್ನೆಗೆ ನಿಮ್ಮ ಉತ್ತರ ಗಟ್ಟಿ ಮಾಡಿಕೊಳ್ಳಿ. ಉಳಿದದ್ದೆಲ್ಲ ಅದರ ಮೇಲೆ ನಿಲ್ಲುತ್ತದೆ.

ಮೊದಲು ಲೆಕ್ಕ

2,00,000 ಪೌಂಡ್ ಬಾಕಿ, ಶೇ 4.5 ಬಡ್ಡಿ, ಇನ್ನು 25 ವರ್ಷ ಎಂದಿಟ್ಟುಕೊಳ್ಳಿ. ತಿಂಗಳ ಕಂತು ಸುಮಾರು 1,112 ಪೌಂಡ್. ಮೂರು ಕಂತು ಬಿಟ್ಟರೆ ಆ ಅವಧಿಯ ಬಡ್ಡಿ ಸುಮಾರು 2,258 ಪೌಂಡ್ ಅಸಲಿಗೆ ಸೇರಿಕೊಳ್ಳುತ್ತದೆ. ಮುಂದಿನದು ಬ್ಯಾಂಕ್ ಯಾವ ದಾರಿ ಹಿಡಿಯಿತು ಎಂಬುದರ ಮೇಲಿದೆ. ಸಾಲ ಮುಗಿಯುವ ದಿನ ಬದಲಿಸದೆ ಕಂತು ಏರಿಸಿದರೆ, ತಿಂಗಳಿಗೆ ಸುಮಾರು 19 ಪೌಂಡ್ ಹೆಚ್ಚು, ಕೊನೆಯವರೆಗೆ ಒಟ್ಟು ಹೊರೆ ಸುಮಾರು 2,200 ಪೌಂಡ್. ಹಳೆಯ ಕಂತನ್ನೇ ಉಳಿಸಿ ಅವಧಿ ಹಿಗ್ಗಿಸಿದರೆ ಬಿಟ್ಟ ಮೂರು ತಿಂಗಳಿಗೆ ಕೊನೆಯಲ್ಲಿ ಒಂಬತ್ತು ತಿಂಗಳಿಗೂ ಸ್ವಲ್ಪ ಹೆಚ್ಚು ಸೇರುತ್ತದೆ, ಹೊರೆ ಸುಮಾರು 7,000 ಪೌಂಡ್. ಬಡ್ಡಿ ದರ ಕೊನೆಯವರೆಗೂ ಅದೇ ಇದ್ದರೆ ಈ ಲೆಕ್ಕ. "ಕಂತು ಏರುವುದಿಲ್ಲ" ಎಂಬ ಮಾತು ಎಷ್ಟೋ ಸಲ ನಿಜವೇ ಆಗಿರುತ್ತದೆ, ಅವಧಿ ಹಿಗ್ಗಿದ್ದನ್ನು ಮಾತ್ರ ಹೇಳಿರುವುದಿಲ್ಲ. ಅದೂ ದಾರಿ ತಪ್ಪಿಸುವ ಮಾಹಿತಿಯೇ. ರಜೆಗೆ ಮುಂಚಿನ ಮತ್ತು ನಂತರದ ವಾರ್ಷಿಕ ಸ್ಟೇಟ್‌ಮೆಂಟ್ ಪಕ್ಕಪಕ್ಕ ಇಟ್ಟು ಉಳಿದಿರುವ ಅವಧಿ ಎಷ್ಟು ಎಂದು ಬರೆದಿರುವ ಜಾಗ ನೋಡಿ.

ಇದೇ ಲೆಕ್ಕದ ಇನ್ನೊಂದು ಮುಖ: ಬಿಟ್ಟ ಕಂತಿನ 3,300 ಚಿಲ್ಲರೆ ಪೌಂಡ್ ನಿಮ್ಮ ಕೈಯಲ್ಲೇ ಉಳಿದಿತ್ತು. ಅದನ್ನು ಇಟ್ಟುಕೊಂಡು ಬಡ್ಡಿಯನ್ನೂ ಬಿಡಿ ಎಂದರೆ ಯಾರೂ ಒಪ್ಪುವುದಿಲ್ಲ.

ಸಾಕ್ಷಿ ಕೂಡಿಸುವುದು

ಫೋನಿನಲ್ಲಿ ಆಡಿದ ಮಾತಿನ ದೂರು ನಿಲ್ಲುವುದು ರೆಕಾರ್ಡಿಂಗ್ ಮೇಲೆ. ಬ್ಯಾಂಕಿಗೆ ಸಬ್ಜೆಕ್ಟ್ ಆಕ್ಸೆಸ್ ರಿಕ್ವೆಸ್ಟ್, ಅಂದರೆ ನಿಮ್ಮ ಬಗ್ಗೆ ಅವರ ಬಳಿ ಇರುವ ಮಾಹಿತಿಯ ಪ್ರತಿ ಕೇಳುವ ಕೋರಿಕೆ, ಕಳಿಸಿ. ಶುಲ್ಕವಿಲ್ಲ, ಒಂದು ತಿಂಗಳೊಳಗೆ ಕೊಡಬೇಕು; ಜಟಿಲ ಕೋರಿಕೆಯಾದರೆ ಇನ್ನೆರಡು ತಿಂಗಳು ತೆಗೆದುಕೊಳ್ಳಬಹುದು. "ನನ್ನ ಎಲ್ಲ ಮಾಹಿತಿ ಕೊಡಿ" ಎಂದು ಬರೆದರೆ ಬೇಡದ ಕಾಗದಗಳ ರಾಶಿ ಬಂದು ಬೇಕಾದದ್ದು ಅದರಲ್ಲಿ ಹೂತುಹೋಗುತ್ತದೆ. ಇಂಥ ತಾರೀಕಿನಿಂದ ಇಂಥ ತಾರೀಕಿನವರೆಗಿನ ಫೋನ್ ರೆಕಾರ್ಡಿಂಗ್, ಸಿಬ್ಬಂದಿ ಬರೆದಿಟ್ಟ ಕಾಲ್ ನೋಟ್ಸ್, ಚಾಟ್ ಪ್ರತಿ, ಕಳಿಸಿದ ಪತ್ರಗಳು ಎಂದು ಹೆಸರಿಸಿ ಕೇಳಿ. ರೆಕಾರ್ಡಿಂಗ್ ಅಳಿಸಿಹೋಗಿದೆ ಎಂದರೂ ಕಾಲ್ ನೋಟ್ಸ್ ಉಳಿದಿರಬಹುದು. ನಿಮ್ಮ ಮೊಬೈಲ್ ಬಿಲ್ಲಿನಲ್ಲಿ ಕರೆಯ ದಿನ, ಹೊತ್ತು, ಎಷ್ಟು ನಿಮಿಷ ಎಂಬುದು ಇದ್ದರೆ ಅದನ್ನೂ ಜೊತೆಗಿಡಿ.

ರಜೆ ಕೇಳಿದ್ದು ಆನ್‌ಲೈನ್ ಅರ್ಜಿಯಲ್ಲಾದರೆ ಎಚ್ಚರ. ಅರ್ಜಿಯ ಪುಟದಲ್ಲಿ "ಬಡ್ಡಿ ಬೆಳೆಯುತ್ತದೆ" ಎಂದು ಬರೆದಿತ್ತು, ನೀವು ಟಿಕ್ ಮಾಡಿದ್ದಿರಿ ಎಂದು ಬ್ಯಾಂಕ್ ತೋರಿಸುತ್ತದೆ. ರಜೆ ಖಚಿತಪಡಿಸಿ ಬ್ಯಾಂಕ್ ಕಳಿಸಿದ ಪತ್ರದಲ್ಲಿ ಅದೇ ಸಾಲು ಇದ್ದರೂ ಇದೇ ಕಥೆ. ದೂರು ಸತ್ತಿತು ಎಂದಲ್ಲ. ಆದರೆ ಪತ್ರ ಕೈಸೇರಿದ ಮೇಲೂ ರಜೆ ರದ್ದು ಮಾಡಿಸದೆ ಸುಮ್ಮನಿದ್ದದ್ದು ಏಕೆ ಎಂಬುದಕ್ಕೆ ಉತ್ತರ ಇರಬೇಕು.

ಸಲಹೆ ಕೊಟ್ಟವರು ಯಾರು ಎಂಬುದನ್ನೂ ಖಚಿತಪಡಿಸಿಕೊಳ್ಳಿ. ಹೇಳಿದ್ದು ಮಾರ್ಟ್‌ಗೇಜ್ ಬ್ರೋಕರ್ ಆದರೆ ದೂರು ಬ್ರೋಕರ್ ಸಂಸ್ಥೆಯ ಮೇಲೆ, ಬ್ಯಾಂಕಿನ ಮೇಲಲ್ಲ.

ದೂರಿನ ಪತ್ರ

ನಮ್ಮಲ್ಲಿ ಅನೇಕರಿಗೆ ಶಾಖೆಗೆ ಹೋಗಿ ಮ್ಯಾನೇಜರ್ ಮುಂದೆ ಕೂತು ಹೇಳಿಕೊಳ್ಳುವ ಅಭ್ಯಾಸ. ಇಲ್ಲಿ ಅದರಿಂದ ಹೆಚ್ಚೇನೂ ಆಗುವುದಿಲ್ಲ. ದೂರು ನೋಡುವ ತಂಡವೇ ಬೇರೆ. ಬಾಯಿಮಾತಿನಲ್ಲಿ ಹೇಳಿದರೂ ನಿಯಮದ ಪ್ರಕಾರ ಅದು ದೂರೇ, ಆದರೂ ಇಮೇಲ್ ಅಥವಾ ಪತ್ರವೇ ಮೇಲು. ಮೇಲೆ "ದೂರು" ಎಂದು ಸ್ಪಷ್ಟವಾಗಿ ಬರೆಯಿರಿ, ಇಲ್ಲದಿದ್ದರೆ ಅದನ್ನು ಸಾಮಾನ್ಯ ವಿಚಾರಣೆ ಎಂದು ಪಕ್ಕಕ್ಕಿಡುವ ಸಾಧ್ಯತೆ ಇದೆ. ಒಂದು ಪುಟ ಸಾಕು. ಸರಳ ಇಂಗ್ಲಿಷಿನಲ್ಲಿ ಬರೆಯಬೇಕಾದ ತಿರುಳು ಹೀಗೆ:

"ಇಂಥ ದಿನ ಬೆಳಿಗ್ಗೆ 11ರ ಹೊತ್ತಿಗೆ ನಿಮ್ಮ ಸಹಾಯವಾಣಿಗೆ ಕರೆ ಮಾಡಿ, ರಜೆ ತೆಗೆದುಕೊಂಡರೆ ಸಾಲಕ್ಕೆ ಖರ್ಚು ಹೆಚ್ಚುತ್ತದೆಯೇ ಎಂದು ಕೇಳಿದೆ. ಇಲ್ಲ ಎಂದು ಉತ್ತರ ಬಂತು. ಆ ಮಾತು ನಂಬಿ ಮೂರು ಕಂತು ಬಿಟ್ಟೆ. ಆ ತಿಂಗಳುಗಳಲ್ಲಿ ನನ್ನ ಉಳಿತಾಯ ಖಾತೆಯಲ್ಲಿ ಕಂತಿಗೆ ಸಾಕಾಗುವಷ್ಟು ಹಣವಿತ್ತು, ಸ್ಟೇಟ್‌ಮೆಂಟ್ ಲಗತ್ತಿಸಿದ್ದೇನೆ. ಸರಿಯಾಗಿ ತಿಳಿಸಿದ್ದರೆ ರಜೆ ಕೇಳುತ್ತಿರಲಿಲ್ಲ."

ಇದರ ಕೆಳಗೆ ಬೇಡಿಕೆ. ಬಿಟ್ಟ ಕಂತುಗಳನ್ನು ಈಗ ಒಟ್ಟಿಗೆ ಕಟ್ಟುತ್ತೇನೆ, ಅವು ಸಮಯಕ್ಕೇ ಬಂದಿದ್ದವು ಎಂಬಂತೆ ಖಾತೆಯನ್ನು ಮರುಲೆಕ್ಕ ಮಾಡಿ ಎಂದು ಕೇಳುವುದು ಎಲ್ಲಕ್ಕಿಂತ ಗಟ್ಟಿಯಾದ ಬೇಡಿಕೆ. ಆ ಮೊತ್ತಕ್ಕೆ ಮುಂಗಡ ಪಾವತಿ ದಂಡ (ಸಾಲವನ್ನು ಅವಧಿಗೆ ಮೊದಲೇ ಕಟ್ಟಿದ್ದಕ್ಕೆ ಹಾಕುವ ಶುಲ್ಕ) ಹಾಕಬಾರದು ಎಂದೂ ಸೇರಿಸಿ. ನಿಗದಿತ ಬಡ್ಡಿಯ ಅನೇಕ ಸಾಲಗಳಲ್ಲಿ ವರ್ಷಕ್ಕೆ ಬಾಕಿಯ ಶೇ 10ರವರೆಗೆ ದಂಡವಿಲ್ಲದೆ ಕಟ್ಟಬಹುದು, ಆದರೂ ಬರಹದಲ್ಲಿರಲಿ. ತೊಂದರೆಗೆ ಪರಿಹಾರ ಕೇಳುವಾಗ ಓಂಬುಡ್ಸ್‌ಮನ್ ಅಳತೆ ತಿಳಿದಿರಲಿ: ಒಂದೆರಡು ದಿನದ ಕಿರಿಕಿರಿಗೆ 100 ಪೌಂಡ್‌ವರೆಗೆ, ಹಲವು ವಾರ ಒದ್ದಾಡಿಸಿದ್ದರೆ 300ರವರೆಗೆ, ತಿಂಗಳುಗಟ್ಟಲೆ ಗಂಭೀರ ತೊಂದರೆಯಾಗಿದ್ದರೆ 300ರಿಂದ 750. ಹತ್ತು ಸಾವಿರ ಕೇಳಿದರೆ ಉಳಿದ ನ್ಯಾಯವಾದ ಬೇಡಿಕೆಯೂ ಹಗುರವಾಗಿ ಕಾಣುತ್ತದೆ.

ಸಾಲ ಇಬ್ಬರ ಹೆಸರಿನಲ್ಲಿದ್ದರೆ ಇಬ್ಬರೂ ಸಹಿ ಮಾಡಿ. ದೂರು ನಡೆಯುತ್ತಿದೆ ಎಂದು, ಖಾತೆಯಿಂದ ಕಂತು ತಾನಾಗಿಯೇ ಹೋಗುವ ಡೈರೆಕ್ಟ್ ಡೆಬಿಟ್ ನಿಲ್ಲಿಸಬೇಡಿ. ಸಿಟ್ಟಿನಲ್ಲಿ ನಿಲ್ಲಿಸಿದ ಒಂದು ಕಂತು ನಿಜವಾದ ಸುಸ್ತಿಯಾಗಿ, ನಿಮ್ಮ ಸಾಲ ಮರುಪಾವತಿಯ ದಾಖಲೆಯಾದ ಕ್ರೆಡಿಟ್ ಫೈಲಿನಲ್ಲಿ ಆರು ವರ್ಷ ಕೂರುತ್ತದೆ.

ಕ್ರೆಡಿಟ್ ಫೈಲ್

ಕೋವಿಡ್ ಯೋಜನೆಯಡಿ ಒಪ್ಪಿದ ತಿಂಗಳುಗಳನ್ನು ತಪ್ಪಿದ ಕಂತು ಎಂದು ದಾಖಲಿಸುವಂತಿರಲಿಲ್ಲ. ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಟ್ರಾನ್ಸ್‌ಯೂನಿಯನ್ ಎಂಬ, ಈ ದಾಖಲೆ ಇಡುವ ಮೂರೂ ಸಂಸ್ಥೆಗಳಿಂದ ಉಚಿತ ವರದಿ ತೆಗೆಸಿ ನೋಡಿ. ಒಂದರಲ್ಲಿ ಸರಿ ಇದ್ದದ್ದು ಇನ್ನೊಂದರಲ್ಲಿ ತಪ್ಪಿರಬಹುದು. ತಪ್ಪಿದ್ದರೆ ಅದು ದೂರಿನಲ್ಲಿ ಬೇರೆಯೇ ಅಂಶವಾಗಿರಲಿ. ಇನ್ನೊಂದು ಬ್ಯಾಂಕ್ ಹೊಸ ಸಾಲ ಕೊಡುವಾಗ ನಿಮ್ಮ ಸ್ಟೇಟ್‌ಮೆಂಟ್ ನೋಡಿ ರಜೆಯನ್ನು ಗಮನಿಸುವುದು ಮಾತ್ರ ತಪ್ಪಲ್ಲ. "ಮುಂದಿನ ಸಾಲಕ್ಕೆ ಏನೂ ತೊಡಕಾಗಲ್ಲ" ಎಂದು ಯಾರಾದರೂ ಭರವಸೆ ಕೊಟ್ಟಿದ್ದರೆ ಆಗ ಆ ಮಾತೇ ದೂರಿನ ವಿಷಯ.

ಎಂಟು ವಾರ, ಆರು ತಿಂಗಳು, ಆರು ವರ್ಷ

ದೂರು ತಲುಪಿದ ದಿನದಿಂದ ಎಂಟು ವಾರದೊಳಗೆ ಬ್ಯಾಂಕ್ ಫೈನಲ್ ರೆಸ್ಪಾನ್ಸ್ ಎಂಬ ಅಂತಿಮ ಉತ್ತರ ಕೊಡಬೇಕು. ಕೊಡದಿದ್ದರೆ ಮತ್ತೆ ಅಂಗಲಾಚುವುದು ಬೇಡ, ನೇರ ಫೈನಾನ್ಷಿಯಲ್ ಓಂಬುಡ್ಸ್‌ಮನ್ ಸರ್ವಿಸ್‌ಗೆ ಹೋಗಿ. ಉತ್ತರ ಬಂದು ಒಪ್ಪಿಗೆಯಾಗದಿದ್ದರೆ ಅದರ ತಾರೀಕಿನಿಂದ ಆರು ತಿಂಗಳೊಳಗೆ ಅಲ್ಲಿಗೆ ಒಯ್ಯಬೇಕು. ಬ್ಯಾಂಕಿನ ಜೊತೆ ಪತ್ರ ಮುಂದುವರಿದಿದೆ ಎಂದು ಕಾಯುತ್ತಾ ಕೂತು ಈ ಗಡುವು ಕಳೆದುಕೊಳ್ಳಬೇಡಿ.

ಓಂಬುಡ್ಸ್‌ಮನ್ ಸೇವೆ ಗ್ರಾಹಕರಿಗೆ ಪೂರ್ತಿ ಉಚಿತ. ನಿಮ್ಮ ಪರವಾಗಿ ದೂರು ನಡೆಸಿ ಪರಿಹಾರದಲ್ಲಿ ಪಾಲು ಕೇಳುವ ಕ್ಲೇಮ್ ಕಂಪನಿಗಳ ಅಗತ್ಯವೇ ಇಲ್ಲ. ಮೊದಲು ತನಿಖಾಧಿಕಾರಿ ಅಭಿಪ್ರಾಯ ಕೊಡುತ್ತಾರೆ. ನೀವು, ಬ್ಯಾಂಕ್ ಇಬ್ಬರಲ್ಲಿ ಯಾರಿಗೆ ಅದು ಒಪ್ಪಿಗೆಯಾಗದಿದ್ದರೂ ಓಂಬುಡ್ಸ್‌ಮನ್ ತೀರ್ಮಾನ ಕೇಳಬಹುದು. ಆ ತೀರ್ಮಾನವನ್ನು ನೀವು ಒಪ್ಪಿದರೆ ಬ್ಯಾಂಕಿಗೂ ಅದು ಕಡ್ಡಾಯ.

ಹಳೆಯ ದೂರಿಗೆ ಮಿತಿ: ಸಲಹೆ ಸಿಕ್ಕ ದಿನದಿಂದ ಆರು ವರ್ಷ, ಅಥವಾ ತಪ್ಪು ನಡೆದಿದೆ ಎಂದು ತಿಳಿದ, ಇಲ್ಲವೇ ತಿಳಿಯಬೇಕಿದ್ದ ದಿನದಿಂದ ಮೂರು ವರ್ಷ, ಯಾವುದು ಮುಂದಕ್ಕೆ ಹೋಗುತ್ತದೋ ಅದು. 2020ರ ಏಪ್ರಿಲ್‌ನ ಕರೆಗೆ ಆರು ವರ್ಷ 2026ರ ಏಪ್ರಿಲ್‌ಗೆ ಭರ್ತಿ. ಏರಿದ ಕಂತಿನ ಪತ್ರ 2020ರಲ್ಲೇ ಬಂದಿದ್ದರೆ ಮೂರು ವರ್ಷದ ಲೆಕ್ಕ ಉಪಯೋಗಕ್ಕೆ ಬರುವುದು ಕಷ್ಟ. ಅವಧಿ ಹಿಗ್ಗಿದ್ದು ಬಹಳ ತಡವಾಗಿ ಗೊತ್ತಾದವರಿಗೆ ಅದರಿಂದ ಅನುಕೂಲ. ಅವಧಿ ಮೀರಿದೆ ಎಂದು ಬ್ಯಾಂಕ್ ಬರೆದರೂ ಆ ವಿವಾದದಲ್ಲಿ ಕೊನೆಯ ಮಾತು ಓಂಬುಡ್ಸ್‌ಮನ್‌ದು. ಗಡುವಿನೊಳಗೆ ಬ್ಯಾಂಕಿಗೆ ದೂರು ಮುಟ್ಟಿದ್ದರೆ ಸಾಕು, ಮುಟ್ಟಿದ್ದಕ್ಕೆ ಸ್ವೀಕೃತಿಪತ್ರವೋ ಬೇರೆ ದಾಖಲೆಯೋ ಇರಬೇಕು. ಗಡುವು ಹತ್ತಿರವಿದ್ದರೆ ರೆಕಾರ್ಡಿಂಗ್ ಬರಲಿ ಎಂದು ಕಾಯದೆ ಮೊದಲು ನಾಲ್ಕು ಸಾಲಿನ ದೂರು ಕಳಿಸಿ, ಸ್ವೀಕೃತಿ ಪಡೆದು, ಸಾಕ್ಷಿಯನ್ನು ಆಮೇಲೆ ಸೇರಿಸಿ.