ಜಪಾನಿನ ಮರದಚ್ಚಿನ ವಸ್ತುಚಿತ್ರಗಳನ್ನು ನೋಡುವ ಬಗೆ

ಜಪಾನಿನ ಮರದಚ್ಚಿನ ಚಿತ್ರಗಳೆಂದೊಡನೆ ಫೂಜಿ ಪರ್ವತ, ಕಬುಕಿ ನಟರು, ಅಲಂಕೃತ ಸ್ತ್ರೀಯರು, ಮಳೆಯಲ್ಲಿ ಸೇತುವೆ ದಾಟುವ ಪಯಣಿಗರು ಕಣ್ಣ ಮುಂದೆ ಬರುವುದು ಸಹಜ. ಬಟ್ಟಲು, ಚಿಪ್ಪು, ಹಣ್ಣು, ಅರಗಿನ ಪೆಟ್ಟಿಗೆಗಳನ್ನೇ ವಿಷಯವಾಗಿ ಉಳ್ಳ ವಸ್ತುಚಿತ್ರಗಳು, ಅಂದರೆ ಕಲಾಶಾಲೆಗಳಲ್ಲಿ ಸ್ಟಿಲ್ ಲೈಫ್ ಎಂದು ಹೇಳಿಕೊಡುವ ಬಗೆಯವು, ಅಂಗಡಿಗಳಲ್ಲಿ ಮಾರಾಟವಾಗುತ್ತಿದ್ದ ಉಕಿಯೊ-ಎ, ಅಂದರೆ ಜನಪ್ರಿಯ ಮರದಚ್ಚಿನ ಚಿತ್ರಗಳ, ಹಾಳೆಗಳಲ್ಲಿ ವಿರಳ. ಅವು ಹೇರಳವಾಗಿ ಸಿಗುವುದು ಸುರಿಮೊನೊ ಎಂಬ ಪ್ರತ್ಯೇಕ ಪ್ರಕಾರದಲ್ಲಿ. ಆದ್ದರಿಂದ ಈ ವಿಷಯವನ್ನು ಅರಿಯಬೇಕೆಂಬವರು ಹೆಸರಾಂತ ಚಿತ್ರಕಾರರಾದ ಹೊಕುಸಾಯ್‌ನ ಅಲೆಯಿಂದಲೋ ಹಿರೋಶಿಗೆಯ ಹೆದ್ದಾರಿಗಳಿಂದಲೋ ಆರಂಭಿಸದೆ, ನೇರವಾಗಿ ಸುರಿಮೊನೊ ಸಂಗ್ರಹಗಳಿಗೇ ಹೋಗುವುದು ಒಳ್ಳೆಯದು. ಷಿಕಾಗೋದ ಆರ್ಟ್ ಇನ್‌ಸ್ಟಿಟ್ಯೂಟ್, ನ್ಯೂಯಾರ್ಕಿನ ಮೆಟ್ರೋಪಾಲಿಟನ್, ಬಾಸ್ಟನ್ನಿನ ಲಲಿತಕಲಾ ಸಂಗ್ರಹಾಲಯ, ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂ, ಡಬ್ಲಿನ್ನಿನ ಚೆಸ್ಟರ್ ಬೀಟಿ ಗ್ರಂಥಾಲಯಗಳ ಸಂಗ್ರಹಗಳಲ್ಲಿ ಇಂಥ ಹಾಳೆಗಳಿದ್ದು, ಅಂತರ್ಜಾಲದಲ್ಲಿಯೂ ಅವುಗಳನ್ನು ಹುಡುಕಿ ನೋಡಬಹುದು.

ಸುರಿಮೊನೊಗಳನ್ನು ಮಾರುವುದಕ್ಕೆಂದು ಮಾಡುತ್ತಿರಲಿಲ್ಲ. ಎದೊ ನಗರದ, ಅಂದರೆ ಇಂದಿನ ಟೋಕಿಯೋದ, ಕಾವ್ಯಗೋಷ್ಠಿಗಳ ಸದಸ್ಯರು ತಾವೇ ಹಣ ಹಾಕಿ, ತಮ್ಮ ಕವಿತೆಗಳ ಜೊತೆಗೆ ಒಂದು ಚಿತ್ರವನ್ನು ಬರೆಸಿ, ಕೆತ್ತಿಸಿ, ಅಚ್ಚು ಹಾಕಿಸಿ, ಮುಖ್ಯವಾಗಿ ಹೊಸ ವರ್ಷದ ಶುಭಾಶಯವಾಗಿ ಆಪ್ತರಿಗೆ ಹಂಚುತ್ತಿದ್ದರು. 1790ರ ದಶಕದಿಂದ 1830ರ ದಶಕದವರೆಗಿನ ಅವಧಿ ಇದರ ಉಚ್ಛ್ರಾಯ ಕಾಲ. ಹತ್ತೊಂಬತ್ತನೆಯ ಶತಮಾನದಲ್ಲಿ ಹೆಚ್ಚು ಬಳಕೆಯಾದ, ಹೆಚ್ಚುಕಡಿಮೆ ಚೌಕಾಕಾರದ ಹಾಳೆ ಸುಮಾರು 21 ಸೆಂಟಿಮೀಟರ್ ಎತ್ತರ, 18 ಸೆಂಟಿಮೀಟರ್ ಅಗಲದ್ದು. ಕೈಯಲ್ಲಿ ಹಿಡಿದು ಹತ್ತಿರದಿಂದ ನೋಡಲು ತಕ್ಕ ಅಳತೆ. ಗೋಡೆಗೆ ತೂಗುಹಾಕಿ ದೂರದಿಂದ ನೋಡಿದರೆ ಇದರ ಮುಕ್ಕಾಲು ಪಾಲು ಕಾಣುವುದೇ ಇಲ್ಲ ಎಂಬುದು ನನ್ನ ದೃಢ ಅಭಿಪ್ರಾಯ.

ನೋಡುವಾಗ ಮೊದಲು ಗುರುತಿಸಬೇಕಾದುದು ಋತುವನ್ನು. ಜಪಾನು 1873ರಲ್ಲಿ ಗ್ರೆಗೋರಿಯನ್ ಪಂಚಾಂಗಕ್ಕೆ ಬದಲಾಗುವ ಮೊದಲು ಅಲ್ಲಿ ಚಾಂದ್ರ-ಸೌರ ಪಂಚಾಂಗವಿತ್ತು. ಹೊಸ ವರ್ಷವೆಂದರೆ ವಸಂತದ ಆರಂಭ, ಪ್ಲಮ್ ಮರ ಹೂಬಿಡುವ ಕಾಲ. ಹೀಗಾಗಿ ಚಿತ್ರದಲ್ಲಿ ಪ್ಲಮ್ ಕೊಂಬೆ, ಕುಂಡದಲ್ಲಿ ಅರಳಿದ ಹಳದಿ ಫುಕುಜುಸೊ ಹೂ, ಒಂದರ ಮೇಲೊಂದು ಇಟ್ಟ ಮೋಚಿ ಎಂಬ ಅಕ್ಕಿಯ ಕಡುಬು, ಅದರ ಮೇಲೆ ಕಿತ್ತಳೆ ಜಾತಿಯ ಹಣ್ಣು, ಜರೀಗಿಡದ ಎಲೆ, ಬೆನ್ನು ಬಾಗಿದ ಇಸೆ-ಎಬಿ ಎಂಬ ದೊಡ್ಡ ಸಿಗಡಿ ಇವುಗಳಲ್ಲಿ ಯಾವುದಾದರೂ ಇದ್ದರೆ ಅದು ಹೊಸ ವರ್ಷದ ಹಾಳೆಯೆಂದು ಬಹುಮಟ್ಟಿಗೆ ನಿಶ್ಚಯಿಸಬಹುದು. ಬಾಗಿದ ಬೆನ್ನು ಮುಪ್ಪಿನವರೆಗಿನ ದೀರ್ಘಾಯುಷ್ಯವನ್ನು ಹಾರೈಸುತ್ತದೆ. ಪಾಶ್ಚಾತ್ಯ ವಸ್ತುಚಿತ್ರಗಳಲ್ಲಿ ತಲೆಬುರುಡೆ, ಆರಿದ ದೀಪ, ಕೊಳೆಯತೊಡಗಿದ ಹಣ್ಣುಗಳ ಮೂಲಕ ಬದುಕಿನ ನಶ್ವರತೆಯನ್ನು ನೆನಪಿಸುವ ಪರಂಪರೆಯೊಂದಿದೆ. ಆ ಅಭ್ಯಾಸವನ್ನು ಇಲ್ಲಿಗೆ ಹೊತ್ತು ತಂದರೆ ಚಿತ್ರ ತಪ್ಪಾಗಿ ಅರ್ಥವಾಗುತ್ತದೆ, ಏಕೆಂದರೆ ಇಲ್ಲಿನ ವಸ್ತುಗಳು ಹಾರೈಸುವುದಕ್ಕೆ ಬಂದವು.

ಋತುವಿನ ನಂತರ ವರ್ಷ. ಹಾಳೆಯ ಮೇಲೆ ಇಸವಿ ಅಚ್ಚಾಗಿರುವುದು ಕಡಿಮೆಯಾದರೂ, ಹನ್ನೆರಡು ವರ್ಷಗಳ ಪ್ರಾಣಿಚಕ್ರದ ಸುಳಿವು ವಸ್ತುಗಳ ನಡುವೆ ಅಡಗಿರುವುದುಂಟು. ಪ್ರಾಣಿ ನೇರವಾಗಿ ಕಾಣಿಸಿಕೊಳ್ಳದೆ ಆಟಿಕೆಯಾಗಿ, ಬಟ್ಟೆಯ ಮೇಲಿನ ವಿನ್ಯಾಸವಾಗಿ, ಅಥವಾ ವಸ್ತುವಿನ ಹೆಸರಿನೊಳಗಿನ ಶ್ಲೇಷೆಯಾಗಿ ಬರಬಹುದು. 1822 ಕುದುರೆಯ ವರ್ಷ. ಆ ವರ್ಷಕ್ಕೆಂದು ಹೊಕುಸಾಯ್ ರಚಿಸಿದ ಸುರಿಮೊನೊ ಮಾಲೆಯಲ್ಲಿ ಕುದುರೆಯ ಹೆಸರಿನೊಂದಿಗೆ ನಂಟುಳ್ಳ ವಸ್ತುಗಳೂ ಸ್ಥಳಗಳೂ ಬರುತ್ತವೆ. ಪ್ರಾಣಿಯ ಸುಳಿವೊಂದರಿಂದಲೇ ಇಸವಿ ಸಿಗುವುದಿಲ್ಲವಾದ್ದರಿಂದ ಕಲಾವಿದನ ರುಜುವನ್ನೂ ಜೊತೆಗಿಟ್ಟು ಲೆಕ್ಕ ಹಾಕಬೇಕು: 1798, 1810, 1822 ಮೂರೂ ಕುದುರೆಯ ವರ್ಷಗಳೇ, ಆದರೆ ಹೊಕುಸಾಯ್ ಇಯಿತ್ಸು ಎಂಬ ಹೆಸರನ್ನು ಬಳಸತೊಡಗಿದ್ದು 1820ರ ಸುಮಾರಿಗೆ, ಆದ್ದರಿಂದ ಆ ರುಜುವಿದ್ದರೆ ಮೊದಲ ಎರಡು ವರ್ಷಗಳನ್ನು ಬಿಟ್ಟುಬಿಡಬಹುದು. ಆತ ಜೀವಮಾನದುದ್ದಕ್ಕೂ ಹೆಸರು ಬದಲಾಯಿಸುತ್ತಲೇ ಇದ್ದುದು ಓದುಗರಿಗೆ ತೊಡಕೆನಿಸಿದರೂ ಕಾಲನಿರ್ಣಯಕ್ಕೆ ಬಹಳ ನೆರವಾಗಿದೆ.

ಇದಕ್ಕೂ ಹಿಂದಿನ ಚಿತ್ರಪಂಚಾಂಗಗಳಲ್ಲಿ ಸುಳಿವುಗಳನ್ನು ಇನ್ನಷ್ಟು ಜಾಣ್ಮೆಯಿಂದ ಬಚ್ಚಿಡಲಾಗಿದೆ. ಪಂಚಾಂಗ ಪ್ರಕಟಿಸುವ ಹಕ್ಕು ಸರ್ಕಾರದ ಪರವಾನಗಿ ಪಡೆದವರಿಗೆ ಮಾತ್ರ ಇದ್ದುದರಿಂದ, ಆ ವರ್ಷದ 30 ದಿನಗಳ ದೀರ್ಘ ಮಾಸಗಳು ಯಾವುವು, 29 ದಿನಗಳ ಹ್ರಸ್ವ ಮಾಸಗಳು ಯಾವುವು ಎಂಬುದನ್ನು ಬಟ್ಟೆಯ ಮಡಿಕೆಯಲ್ಲೋ ಪಾತ್ರೆಯ ಅಲಂಕಾರದಲ್ಲೋ ಅಂಕಿಗಳಾಗಿ ಅಡಗಿಸುತ್ತಿದ್ದರು. 1765ರಲ್ಲಿ ಎದೊದ ರಸಿಕರು ಇಂಥ ಪಂಚಾಂಗಗಳನ್ನು ಪರಸ್ಪರ ವಿನಿಮಯ ಮಾಡಿಕೊಂಡ ಉತ್ಸಾಹವೇ ಚಿತ್ರಕಾರ ಸುಜುಕಿ ಹರುನೊಬುವಿನ ಕಾಲದ ಬಹುವರ್ಣ ಮುದ್ರಣಕ್ಕೆ ದಾರಿ ಮಾಡಿಕೊಟ್ಟಿತು.

ಮೂರನೆಯದಾಗಿ, ಕವಿತೆಯ ಕಡೆಗೆ ತಿರುಗಬೇಕು. ಹಾಳೆಯ ಮೇಲಿರುವುದು ಸಾಮಾನ್ಯವಾಗಿ ಕ್ಯೋಕ, ಅಂದರೆ 5-7-5-7-7 ಮಾತ್ರಾವಿನ್ಯಾಸದ, ಒಟ್ಟು 31 ಮಾತ್ರೆಗಳ ವಿನೋದ ಕವಿತೆ. ಹರಿಯುವ ಕೈಬರಹದ ಆ ಲಿಪಿಯನ್ನು ಇಂದಿನ ಜಪಾನೀಯರಲ್ಲಿಯೂ ಬಹುಪಾಲು ಜನ ಓದಲಾರರು. ಸಂಗ್ರಹಾಲಯಗಳು ಅನುವಾದ ಒದಗಿಸಿದ್ದರೆ ಅದನ್ನು ಅವಶ್ಯ ಓದಿ, ಕವಿತೆಯಲ್ಲಿ ಹೇಳದೆ ಬಿಟ್ಟದ್ದನ್ನು ಚಿತ್ರ ಹೇಗೆ ತುಂಬಿದೆ ಎಂದು ಗಮನಿಸಿರಿ. ಕವಿತೆ ಕೋಗಿಲೆಯಂತೆ ವಸಂತದಲ್ಲಿ ಹಾಡುವ ಉಗುಯಿಸು ಹಕ್ಕಿಯ ಮೊದಲ ದನಿಯ ಬಗ್ಗೆ ಇದ್ದಾಗ ಚಿತ್ರದಲ್ಲಿ ಹಕ್ಕಿಯೇ ಇರಬೇಕೆಂದಿಲ್ಲ. ಅದು ಬಂದು ಕೂರುವ ಪ್ಲಮ್ ಹೂವಿನ ಕೊಂಬೆಯೇ ಸಾಕು. ಹಾಗೆಯೇ ವಸ್ತುಗಳ ಒಡೆಯರೂ ಚಿತ್ರದಲ್ಲಿ ಕಾಣುವುದಿಲ್ಲ. ಧೂಮಪಾನದ ಕೊಳವೆ, ಅರ್ಧ ಬಿಡಿಸಿದ ಪತ್ರ, ಬಾಚಣಿಗೆ, ಧೂಪದ ಬಟ್ಟಲು, ಕುಂಚ ಇವು ಒಟ್ಟಾಗಿ ಯಾರ ಕೋಣೆಯಲ್ಲಿ ಇದ್ದಿರಬಹುದು, ಆ ವ್ಯಕ್ತಿ ಏನು ಮಾಡುತ್ತಿದ್ದು ಎದ್ದುಹೋಗಿರಬಹುದು ಎಂದು ಕೇಳಿಕೊಂಡರೆ ಜೋಡಣೆಯ ತರ್ಕ ತಾನಾಗಿ ತೆರೆದುಕೊಳ್ಳುತ್ತದೆ. ಈ ಕಲೆಯಲ್ಲಿ ಕುಬೊ ಶುನ್‌ಮಾನ್‌ನನ್ನು (1757–1820) ನಾನು ಎಲ್ಲರಿಗಿಂತ ಮೇಲೆ ಇಡುತ್ತೇನೆ. ಆತ ಸ್ವತಃ ಕ್ಯೋಕ ಕವಿಯಾಗಿದ್ದುದರಿಂದ ವಸ್ತುವನ್ನು ಎಲ್ಲಿ ಇಡಬೇಕು, ಎಲ್ಲಿ ಬರಿಯ ಕಾಗದವನ್ನು ಬಿಡಬೇಕು ಎಂಬುದರಲ್ಲಿ ಕವಿಯ ಸಂಯಮವಿದೆ. ಹೊಕುಸಾಯ್‌ನ ಶಿಷ್ಯರಾದ ಶಿನ್‌ಸಾಯ್ ಮತ್ತು ಹೊಕ್ಕೆಯ್ ಕೂಡ ಈ ಬಗೆಯಲ್ಲಿ ನುರಿತವರು.

ಇನ್ನು ಮುಖ್ಯವಾದ ಮಾತು, ಬೆಳಕು. ಸುರಿಮೊನೊವನ್ನು ನೇರ ಬೆಳಕಿನಲ್ಲಿ ನೋಡಿದರೆ ಅದರ ಅರ್ಧ ಕೆಲಸ ಮರೆಯಾಗುತ್ತದೆ. ಕೊಜೊ ಎಂಬ ಗಿಡದ ನಾರಿನಿಂದ ಮಾಡಿದ ದಪ್ಪ ಹೊಶೊ ಕಾಗದವನ್ನು ತುಸು ತೇವಗೊಳಿಸಿ, ಚೆರಿ ಮರದ ಹಲಗೆಯ ಮೇಲೆ ಹಾಸಿ, ಬಿದಿರಿನ ಪೊರೆ ಸುತ್ತಿದ ಬಾರೆನ್ ಎಂಬ ದುಂಡು ಉಪಕರಣದಿಂದ ಹಿಂಬದಿಯನ್ನು ಉಜ್ಜಿ ಅಚ್ಚು ತೆಗೆಯುತ್ತಾರೆ. ಪ್ರತಿ ಬಣ್ಣಕ್ಕೂ ಪ್ರತ್ಯೇಕ ಹಲಗೆ. ಬಣ್ಣವನ್ನೇ ಹಚ್ಚದೆ ಹಲಗೆಯನ್ನು ಒತ್ತಿದಾಗ ಕಾಗದ ಉಬ್ಬುತಗ್ಗಾಗಿ ಏಳುತ್ತದೆ. ಕರಝುರಿ ಎನ್ನುವ ಈ ವಿಧಾನದಿಂದ ಬಿಳಿಯ ಚಿಪ್ಪಿನ ಏಣುಗಳು, ಪಿಂಗಾಣಿಯ ಅಂಚು, ನೇಯ್ದ ಬಟ್ಟೆಯ ಎಳೆಗಳು ಗೆರೆಯಿಲ್ಲದೆಯೇ ಮೂಡುತ್ತವೆ. ಕಪ್ಪು ಅರಗಿನ ಪೆಟ್ಟಿಗೆಗೆ ಬೇರೊಂದು ಉಪಾಯ: ಕೆತ್ತಿದ ಹಲಗೆಯನ್ನು ಕಾಗದದ ಕೆಳಗಿಟ್ಟು ಮುಂಬದಿಯನ್ನು ತಿಕ್ಕಿ ಹೊಳಪೇರಿಸುವ ಶೋಮೆನ್‌ಝುರಿ, ಕಪ್ಪಿನೊಳಗೇ ಹೊಳೆಯುವ ವಿನ್ಯಾಸ ಓರೆಯಾಗಿ ನೋಡಿದಾಗ ಮಾತ್ರ ಎದ್ದು ಕಾಣುತ್ತದೆ. ಚಿನ್ನದಂತೆ ತೋರುವುದು ಬಹುಮಟ್ಟಿಗೆ ಹಿತ್ತಾಳೆಯ ಪುಡಿ, ಬೆಳ್ಳಿಯಂತೆ ತೋರುವುದು ಅನೇಕ ವೇಳೆ ತವರದ ಪುಡಿ, ಮಿನುಗುವ ಹಿನ್ನೆಲೆಗೆ ಅಭ್ರಕ. ಹಾಳೆ ಕೈಗೆ ಸಿಕ್ಕಿದ್ದರೆ ಅನುಮತಿ ಪಡೆದು, ದೀಪವನ್ನು ಒಂದು ಪಕ್ಕದಲ್ಲಿ ತಗ್ಗಿನಲ್ಲಿಟ್ಟು ನಿಧಾನವಾಗಿ ನೋಡಿರಿ; ಪ್ರದರ್ಶನದ ಗಾಜಿನ ಮುಂದಾದರೆ ನೀವೇ ತುಸು ಬಾಗಿ ಎಡಕ್ಕೂ ಬಲಕ್ಕೂ ಸರಿಯಿರಿ. ಸಾಮಾನ್ಯ ಛಾಯಾಚಿತ್ರದಲ್ಲಿ ಉಬ್ಬಚ್ಚು ಕಾಣುವುದೇ ಅಪರೂಪ, ಆದ್ದರಿಂದ ಪರದೆಯ ಮೇಲೆ ಖಾಲಿಯೆನಿಸುವ ಬಿಳಿ ಜಾಗವನ್ನು ಖಾಲಿಯೆಂದು ತೀರ್ಮಾನಿಸಬೇಡಿ.

ಅಭ್ಯಾಸಕ್ಕೆ ಹೊಕುಸಾಯ್ 1821ರಲ್ಲಿ ರಚಿಸಿದ 36 ಹಾಳೆಗಳ ಚಿಪ್ಪುಗಳ ಮಾಲೆಯನ್ನು ಆರಿಸಿಕೊಳ್ಳಬಹುದು. ಅದರಲ್ಲಿ ವಸ್ತುಚಿತ್ರಗಳ ಜೊತೆಗೆ ಮನುಷ್ಯರಿರುವ ಹಾಳೆಗಳೂ ಸೇರಿರುವುದರಿಂದ, ಒಂದೇ ವಿಷಯ ಎರಡು ರೀತಿಯಲ್ಲಿ ಹೇಗೆ ಬರುತ್ತದೆ ಎಂದು ಹೋಲಿಸಲು ಅನುಕೂಲ. ಅನಂತರ ಹಿರೋಶಿಗೆಯ 1830ರ ದಶಕದ ಮೀನುಗಳ ಮಾಲೆಗೆ ಬನ್ನಿ. ಅದು ಕೂಡ ಕಾವ್ಯಗೋಷ್ಠಿಯ ಆಶ್ರಯದಲ್ಲಿಯೇ ಹುಟ್ಟಿದ್ದು, ಆದರೆ ದೊಡ್ಡ ಅಡ್ಡ ಹಾಳೆಯಲ್ಲಿ ಮಾರುಕಟ್ಟೆಗೂ ಬಂತು. ಮೀನಿನ ಪಕ್ಕದಲ್ಲಿ ಆಯಾ ಋತುವಿನ ಗಿಡವೋ ಹೂವೋ ಇರುತ್ತದೆ, ಹೆಚ್ಚಿನ ಹಾಳೆಗಳ ಹಿನ್ನೆಲೆಯಲ್ಲಿ ನೀರೂ ಇಲ್ಲ, ಅಡುಗೆಮನೆಯೂ ಇಲ್ಲ. ಅದನ್ನು ವಸ್ತುಚಿತ್ರವೆನ್ನಬೇಕೋ ಪ್ರಾಣಿಚಿತ್ರವೆನ್ನಬೇಕೋ ಎಂಬ ಚರ್ಚೆಗಿಂತ, ನೆಲ, ನೆರಳು, ಮೇಜಿನ ಅಂಚು ಯಾವುದೂ ಇಲ್ಲದೆ ವಸ್ತು ಹೇಗೆ ತನ್ನ ಭಾರವನ್ನು ಉಳಿಸಿಕೊಂಡಿದೆ ಎಂದು ನೋಡುವುದು ಹೆಚ್ಚು ಫಲಕಾರಿ.

ಕೊನೆಯದಾಗಿ, ಬಣ್ಣ ಮತ್ತು ಅಸಲಿತನದ ವಿಚಾರದಲ್ಲಿ ಎಚ್ಚರ ಅಗತ್ಯ. ಕುಸುಬೆ ಹೂವಿನ ಕೆಂಪು, ಹೂವಿನ ರಸದಿಂದ ತೆಗೆದ ಅಯಿಗಾಮಿ ಎಂಬ ನೀಲಿ ಬೆಳಕಿಗೆ ಬೇಗ ಮಾಸುತ್ತವೆ, ಹಿತ್ತಾಳೆ ಕಪ್ಪಿಡುತ್ತದೆ. ಈಗ ಕಾಣುವ ಮಂಕು ಬಣ್ಣವೇ ಕಲಾವಿದನ ಆಯ್ಕೆಯಾಗಿತ್ತೆಂದು ಭಾವಿಸುವ ಮೊದಲು ಅದೇ ಚಿತ್ರದ ಮತ್ತೊಂದು ಪ್ರತಿಯನ್ನು ಬೇರೆ ಸಂಗ್ರಹದಲ್ಲಿ ಹುಡುಕಿ ನೋಡಬೇಕು. ಮೆಯಿಜಿ ಕಾಲದಲ್ಲಿ (1868–1912) ಅನೇಕ ಸುರಿಮೊನೊಗಳನ್ನು ಹೊಸದಾಗಿ ಕೆತ್ತಿ ನಕಲು ತೆಗೆಯಲಾಗಿದೆ, ಅವುಗಳಲ್ಲಿ ಕೆಲವು ತುಂಬ ಅಚ್ಚುಕಟ್ಟಾಗಿಯೂ ಇವೆ. ಕೊಳ್ಳುವ ಆಲೋಚನೆ ಇದ್ದರೆ, ಸಂಗ್ರಹಾಲಯದ ಪ್ರತಿಯ ಚಿತ್ರವನ್ನು ಪಕ್ಕದಲ್ಲಿಟ್ಟುಕೊಂಡು ಅಕ್ಷರಗಳ ತಿರುವು, ಮುದ್ರೆಯ ಅಂಚು, ಹೂವಿನ ಕೇಸರ ಇಂಥ ಸಣ್ಣ ಜಾಗಗಳನ್ನು ಗೆರೆಗೆ ಗೆರೆ ತಾಳೆ ನೋಡಿರಿ. ಒಂದೇ ಹಲಗೆಯಿಂದ ಬಂದ ಎರಡು ಪ್ರತಿಗಳಲ್ಲಿ ಬಣ್ಣ ಬೇರೆಯಾಗಬಹುದು, ಹಲಗೆ ಸವೆದು ಗೆರೆ ಮುರಿದಿರಲೂಬಹುದು, ಆದರೆ ಗೆರೆಯ ನಡೆ ಬದಲಾಗುವುದಿಲ್ಲ.