ಡ್ರೈವರ್ ಬರೀತಿದ್ದೀರಾ? ಮೆಮೊರಿ ಕೆಲ್ಸ ಕರ್ನಲ್‌ಗೆ ಎಷ್ಟು ಬಿಡಬೇಕು ನೋಡಿ

ಲಿನಕ್ಸ್‌ನಲ್ಲಿ ಮೊದಲ ಸಲ ನೆಟ್‌ವರ್ಕ್ ಕಾರ್ಡ್‌ಗೆ ಡ್ರೈವರ್ ಬರೆಯೋರು ಎಷ್ಟೋ ಜನ ಕೆಮಲ್ಲಾಕ್‌ನಲ್ಲಿ (ಕರ್ನಲ್ ಒಳಗೆ ಮೆಮೊರಿ ಕೇಳೋ ಫಂಕ್ಷನ್) ಒಂದು ಬಫರ್ ತಗೊಂಡು, ಅದರ ಫಿಸಿಕಲ್ ಅಡ್ರೆಸ್ ತಾವೇ ಲೆಕ್ಕ ಹಾಕಿ, ಸೀದಾ ಡಿವೈಸ್ ರಿಜಿಸ್ಟರ್‌ಗೆ ಬರೆದುಬಿಡ್ತಾರೆ. ಮಾಮೂಲಿ ಡೆಸ್ಕ್‌ಟಾಪ್‌ನಲ್ಲಿ ಅದು ಎಷ್ಟೋ ಸಲ ಓಡತ್ತೆ ಕೂಡ, ತೊಂದ್ರೆ ಇರೋದೇ ಅಲ್ಲಿ. ಐಒಎಂಎಂಯು (ಡಿವೈಸ್ ಬಳಸೋ ಅಡ್ರೆಸ್ಸನ್ನ ನಿಜವಾದ ಮೆಮೊರಿ ಅಡ್ರೆಸ್ಸಿಗೆ ತಿರುಗಿಸೋ ಹಾರ್ಡ್‌ವೇರ್) ಆನ್ ಇರೋ ಮೆಷಿನ್‌ಗೆ ಹಾಕಿ ನೋಡಿ, ಮಕಾಡೆ ಮಲಗತ್ತೆ, ಯಾಕಂದ್ರೆ ಅಲ್ಲಿ ಸಿಪಿಯು ಬಳಸೋ ಅಡ್ರೆಸ್ಸೇ ಬೇರೆ, ಡಿವೈಸ್ ಬಳಸೋದೇ ಬೇರೆ. ಡ್ರೈವರ್ ಹೇಳಬೇಕಾದ್ದು ಎರಡೇ: ಡಿವೈಸ್‌ಗೆ ಎಲ್ಲೀವರೆಗೂ ಎಟುಕತ್ತೆ, ಬಫರ್ ಈಗ ಯಾರ ಕೈಲಿದೆ. ಮಿಕ್ಕಿದ್ದು ಕರ್ನಲ್‌ನ ಡಿಎಂಎ ಎಪಿಐ ನೋಡ್ಕೊಳತ್ತೆ. ಡಿಎಂಎ ಅಂದ್ರೆ ಸಿಪಿಯು ನಡುವೆ ಬರದೆ ಡಿವೈಸೇ ಸೀದಾ ಮೆಮೊರಿ ಓದೋದು, ಬರೆಯೋದು.

ಮೊದಲು ಪ್ರೋಬ್ ಫಂಕ್ಷನ್ನಲ್ಲೇ (ಡಿವೈಸ್ ಸಿಕ್ಕಾಗ ಕರ್ನಲ್ ಕರೆಯೋದು) ಡಿಎಂಎ ಮಾಸ್ಕ್, ಅಂದ್ರೆ ಡಿವೈಸ್‌ಗೆ ಎಷ್ಟು ಬಿಟ್‌ನ ಅಡ್ರೆಸ್ ಎಟುಕತ್ತೆ ಅನ್ನೋದನ್ನ, ಸೆಟ್ ಮಾಡಿ. ನೀವೇನೂ ಹೇಳದಿದ್ರೆ ಕರ್ನಲ್ 32 ಬಿಟ್ ಅಂದ್ಕೊಳತ್ತೆ, ಅಂದ್ರೆ 4 ಜಿಬಿ ಒಳಗೆ ಮಾತ್ರ. ಬಫರ್ ಅದರಾಚೆ ಬಿದ್ದು ಐಒಎಂಎಂಯು ಕೂಡ ಇಲ್ದಿದ್ರೆ ಕರ್ನಲ್ಲೇ ಡಿವೈಸ್‌ಗೆ ಎಟುಕೋ ಜಾಗದಲ್ಲಿರೋ ಬೌನ್ಸ್ ಬಫರ್‌ಗೆ ಕಾಪಿ ಮಾಡಿ ಕೊಡತ್ತೆ, ಕೆಲ್ಸ ಆಗತ್ತೆ ಆದ್ರೆ ಸ್ಲೋ. ಜಿಎಫ್‌ಪಿ_ಡಿಎಂಎ ಫ್ಲ್ಯಾಗನ್ನ ಮೆಮೊರಿ ಕೇಳೋವಾಗ ಹಾಕಿದ್ರಾಯ್ತು ಅನ್ನೋರ ಮಾತು ಕೇಳ್ಬೇಡಿ, ಎಕ್ಸ್86ನಲ್ಲಿ (ಇಂಟೆಲ್, ಎಎಂಡಿ ಥರದ ಪಿಸಿ) ಅದು ಹಳೇ ಐಎಸ್‌ಎ ಕಾರ್ಡ್ ಕಾಲದ ಮೊದಲ 16 ಎಂಬಿಯಲ್ಲೇ ಜಾಗ ಹುಡುಕತ್ತೆ.

ಆಮೇಲೆ ಬಫರ್ ಯಾವ ಥರದ್ದು ಅಂತ ತೀರ್ಮಾನ ಮಾಡಿ. ಡಿಸ್ಕ್ರಿಪ್ಟರ್ ರಿಂಗ್ (ಯಾವ ಬಫರ್ ಎಲ್ಲಿದೆ ಅನ್ನೋ ಪಟ್ಟಿ) ಥರ ಸಿಪಿಯು, ಡಿವೈಸ್ ಇಬ್ಬರೂ ಸದಾ ಮುಟ್ತಾ ಇರೋದಕ್ಕೆ ಡಿಎಂಎ_ಅಲಾಕ್_ಕೊಹೆರೆಂಟ್, ಬಂದು ಹೋಗೋ ಪ್ಯಾಕೆಟ್‌ಗೆ ಡಿಎಂಎ_ಮ್ಯಾಪ್_ಸಿಂಗಲ್. ಮ್ಯಾಪ್ ಅಂದ್ರೆ ಬಫರಿಗೆ ಡಿವೈಸ್ ಬಳಸೋ ಅಡ್ರೆಸ್ ಪಡೆಯೋದು. ಸ್ಟ್ಯಾಕ್ ಮೇಲಿನ ವೇರಿಯಬಲ್ಲು, ವಿಮಲ್ಲಾಕ್ ಮೆಮೊರಿ (ಫಿಸಿಕಲ್ ಆಗಿ ಅಲ್ಲಲ್ಲಿ ಚದುರಿರಬಹುದು) ಇವನ್ನ ಹೀಗೆ ಮ್ಯಾಪ್ ಮಾಡೋ ಹಾಗೇ ಇಲ್ಲ.

ಮ್ಯಾಪ್ ಮಾಡಿದ ತಕ್ಷಣ ಡಿಎಂಎ_ಮ್ಯಾಪಿಂಗ್_ಎರರ್ ಚೆಕ್ ಮಾಡಿ, ಸೊನ್ನೆ ಬಂತಾ ಅಂತ ನೋಡೋದು ಸಾಲಲ್ಲ, ಸೊನ್ನೆ ಸರಿಯಾದ ಅಡ್ರೆಸ್ಸೇ ಆಗಿರಬಹುದು. ಇನ್ಮೇಲೆ ಆ ಬಫರ್ ಡಿವೈಸ್‌ದು. ಹೊಲ ಗುತ್ತಿಗೆಗೆ ಕೊಟ್ಮೇಲೆ ನಾವೇ ಹೋಗಿ ಬಿತ್ತನೆ ಮಾಡ್ತೀವಾ? ಹಾಗೇ ಇದೂ, ಡಿವೈಸ್ ಕೈಲಿರೋವರೆಗೂ ಸಿಪಿಯು ಅದನ್ನ ಓದೋದೂ ಬೇಡ ಬರೆಯೋದೂ ಬೇಡ.

ಜನ ಜಾಸ್ತಿ ಎಡವೋದು ವಾಪಸ್ ತಗೊಳೋವಾಗ. ಪ್ಯಾಕೆಟ್ ಬಂತು ಅಂತ ಇಂಟರಪ್ಟ್ ಬಂದ್ಮೇಲೆ ಡಿಎಂಎ_ಸಿಂಕ್_ಸಿಂಗಲ್_ಫಾರ್_ಸಿಪಿಯು ಕರೆದೇ ಓದ್ಬೇಕು. ಎಕ್ಸ್86 ಪಿಸಿಯಲ್ಲಿ ಹಾರ್ಡ್‌ವೇರೇ ಕ್ಯಾಶ್ (ಸಿಪಿಯು ತನ್ನ ಹತ್ರ ಇಟ್ಕೊಳೋ ಮೆಮೊರಿ ಕಾಪಿ) ಸರಿ ಇಟ್ಕೊಳತ್ತೆ, ಹಾಗಾಗಿ ಇದನ್ನ ಮರೆತ್ರೂ ಸಾಮಾನ್ಯವಾಗಿ ಗೊತ್ತೇ ಆಗಲ್ಲ, ಆದ್ರೆ ಕ್ಯಾಶ್ ಕೊಹೆರೆನ್ಸಿ ಇಲ್ಲದ ಎಆರ್‌ಎಂ ಬೋರ್ಡ್‌ನಲ್ಲಿ ಸಿಪಿಯು ಮೊದಲೇ ಎಳೆದಿಟ್ಕೊಂಡ 64 ಬೈಟ್‌ನ ಕ್ಯಾಶ್ ಲೈನ್ ಹಾಗೇ ಉಳಿದಿರತ್ತೆ, ಪ್ಯಾಕೆಟ್‌ನ ಹೆಡರ್ ಹಳೇದು, ಬಾಲ ಹೊಸದು, ಚೆಕ್‌ಸಮ್ ಫೇಲ್, ಅದೂ ದಿನಕ್ಕೊಂದ್ಸಲ ಯಾವಾಗಲೋ. ನೀವು ಕಾರ್ಡೇ ಕೆಟ್ಟಿದೆ ಅಂತ ಕೇಬಲ್ ಬದಲಾಯಿಸ್ತಾ ಕೂತಿರ್ತೀರ. ಅದೇ ಬಫರ್ ಮತ್ತೆ ಡಿವೈಸ್‌ಗೆ ಕೊಡೋದಾದ್ರೆ ಸಿಂಕ್_ಫಾರ್_ಡಿವೈಸ್, ಕೆಲ್ಸ ಮುಗೀತು ಅಂದ್ರೆ ಅನ್‌ಮ್ಯಾಪ್, ಮ್ಯಾಪ್ ಮಾಡಿದಾಗ ಕೊಟ್ಟ ಅದೇ ಸೈಜು ಅದೇ ಡೈರೆಕ್ಷನ್ (ಡೇಟಾ ಯಾವ ಕಡೆ ಹೋಗತ್ತೆ) ಕೊಟ್ಟು.

ಟೆಸ್ಟ್ ಮಾಡೋ ಕರ್ನಲ್‌ನಲ್ಲಿ ಕಾನ್ಫಿಗ್_ಡಿಎಂಎ_ಎಪಿಐ_ಡೀಬಗ್ ಆನ್ ಮಾಡ್ಕೊಳಿ. ಸೈಜು ತಪ್ಪಿದ್ರೆ, ಎರರ್ ಚೆಕ್ ಬಿಟ್ಟಿದ್ರೆ, ಡ್ರೈವರ್ ಅನ್‌ಲೋಡ್ ಮಾಡುವಾಗ ಮ್ಯಾಪಿಂಗ್ ಉಳಿಸಿ ಹೋಗಿದ್ರೆ, ಡಿಮೆಸೇಜ್‌ನಲ್ಲಿ (ಕರ್ನಲ್ ಲಾಗ್) ಡ್ರೈವರ್ ಹೆಸರು ಹಿಡಿದೇ ಬೈಯತ್ತೆ.